ಇಂಗ್ಲಿಷಿಗೂ ಸಂಧಿ ಉಂಟು

ಬಿ-ಯು-ಟಿ ‘ಬಟ್’ ಆದರೆ ಪಿ-ಯು-ಟಿ ‘ಪುಟ್’ ಹೇಗಾಯಿತು? ಇಂಗ್ಲಿಷ್ ಕಲಿಯಲು ಹೊರಟ ಕನ್ನಡಿಗರೆಲ್ಲ ಒಂದಲ್ಲ ಒಂದು ಸಲ ಕೇಳಿ ನಕ್ಕಿರುವ ಪ್ರಶ್ನೆ ಇದು. ಬರೆಯುವುದೊಂದು, ಓದುವುದೊಂದು, ಆ ಭಾಷೆಗೆ ನಿಯಮವೇ ಇಲ್ಲ ಎಂದು ತೀರ್ಮಾನಿಸಿ ಸುಮ್ಮನಾಗುತ್ತೇವೆ.

ಆದರೆ ಈ ನಗೆ ಎಲ್ಲರ ಪಾಲಿಗೂ ನಗೆಯಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಕಾಲೇಜು ಸೇರಿದ ಹಳ್ಳಿಯ ಹುಡುಗ ಪಾಠ ಓದುವಾಗ ‘ವಾಕ್’ ಧಾತುವಿನ ಭೂತಕಾಲದ ರೂಪವನ್ನು ‘ವಾಕೆಡ್’ ಎನ್ನುತ್ತಾನೆ. ಹಿಂದಿನ ಬೆಂಚಿನಿಂದ ಕಿಸಕ್ಕನೆ ನಗೆ ಕೇಳುತ್ತದೆ. ಆಮೇಲೆ ವರ್ಷವಿಡೀ ಅವನು ಬಾಯಿ ಬಿಡುವುದಿಲ್ಲ. ಅವನಿಗೆ ಬುದ್ಧಿ ಕಡಿಮೆಯೇನಲ್ಲ. ಒಂದು ಸಣ್ಣ ಸೂತ್ರವನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೆ. ವಿಚಿತ್ರವೆಂದರೆ, ಆ ಸೂತ್ರದ ತಿರುಳು ಅವನು ಪ್ರೌಢಶಾಲೆಯಲ್ಲಿ ಓದಿದ ಕನ್ನಡ ವ್ಯಾಕರಣದಲ್ಲೇ ಇದೆ.

ಮಳೆ ಮತ್ತು ಕಾಲ ಸೇರಿದರೆ ‘ಮಳೆಕಾಲ’ ಆಗುವುದಿಲ್ಲ, ‘ಮಳೆಗಾಲ’ ಆಗುತ್ತದೆ. ಬೆಟ್ಟ ಮತ್ತು ತಾವರೆ ಸೇರಿ ‘ಬೆಟ್ಟದಾವರೆ’. ಕ, ತ, ಪಗಳ ಜಾಗಕ್ಕೆ ಗ, ದ, ಬಗಳು ಬರುವ ಈ ಆದೇಶಸಂಧಿಯನ್ನು 13ನೇ ಶತಮಾನದಲ್ಲೇ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಸೂತ್ರಕ್ಕೆ ಇಳಿಸಿದ್ದಾನೆ. ಇದಕ್ಕೆ ಕಾರಣ ಸರಳ. ಗಂಟಲ ಮೇಲೆ ಬೆರಳಿಟ್ಟು ‘ಗ’ ಎನ್ನಿ, ನಾದತಂತುಗಳ ಕಂಪನ ತಿಳಿಯುತ್ತದೆ. ‘ಕ’ಕಾರ ಉಚ್ಚರಿಸುವ ಗಳಿಗೆಯಲ್ಲಿ ಆ ಕಂಪನ ಇರುವುದಿಲ್ಲ. ಕಂಪನವಿರುವ ಧ್ವನಿ ಘೋಷ, ಇಲ್ಲದ್ದು ಅಘೋಷ. ಸ್ವರಗಳೆಲ್ಲ ಘೋಷ. ಎರಡು ಸ್ವರಗಳ ನಡುವೆ ಸಿಕ್ಕಿದ ‘ಕ’ಕಾರಕ್ಕಾಗಿ ಕಂಪನವನ್ನು ನಿಲ್ಲಿಸಿ ಮತ್ತೆ ಹೊರಡಿಸುವುದಕ್ಕಿಂತ, ಅದನ್ನೇ ‘ಗ’ಕಾರ ಮಾಡಿಕೊಳ್ಳುವುದು ನಾಲಿಗೆಗೆ ಸುಲಭ.

ಈಗ ಇಂಗ್ಲಿಷಿಗೆ ಬನ್ನಿ. ಬಹುವಚನಕ್ಕೆ ‘ಎಸ್’ ಸೇರಿಸಬೇಕೆಂದು ಎಲ್ಲರಿಗೂ ಗೊತ್ತು. ಆದರೆ ಆ ಒಂದು ಅಕ್ಷರಕ್ಕೆ ಮೂರು ಉಚ್ಚಾರಗಳಿವೆ. ಕ್ಯಾಟ್, ಕಪ್, ಬುಕ್ – ಇವುಗಳ ಕೊನೆಯ ಧ್ವನಿ ಅಘೋಷ. ಅಲ್ಲಿ ‘ಎಸ್’ ಕೂಡ ಅಘೋಷವಾದ ‘ಸ್’. ಡಾಗ್, ಪೆನ್, ಬಾಯ್ – ಇವುಗಳ ಕೊನೆ ಘೋಷ. ಅಲ್ಲಿ ‘ಎಸ್’ ಜೇನುನೊಣದ ಝೇಂಕಾರದಂಥ ‘ಜ್’ ಆಗುತ್ತದೆ. ಬಸ್, ಡಿಶ್, ಬೆಂಚ್ ಮುಂತಾದವು ಈಗಾಗಲೇ ಸೀತ್ಕಾರದಲ್ಲಿ ಮುಗಿಯುವ ಪದಗಳು. ಇನ್ನೊಂದು ಸೀತ್ಕಾರ ತಾಗಿದರೆ ಕಿವಿಗೆ ಬೇರೆಯಾಗಿ ಕೇಳಿಸುವುದಿಲ್ಲವಾದ್ದರಿಂದ ನಡುವೆ ಒಂದು ಸ್ವರ ನುಸುಳಿ ‘ಬಸಿಜ್’, ‘ಬೆಂಚಿಜ್’ ಆಗುತ್ತದೆ.

ಆ ಹುಡುಗನ ‘ವಾಕೆಡ್’ಗೂ ಇದೇ ಸೂತ್ರ. ಅಘೋಷದ ಮುಂದೆ ‘ಇಡಿ’ ಪ್ರತ್ಯಯ ‘ಟ್’ ಆಗಿ ‘ವಾಕ್ಟ್’. ಘೋಷದ ಮುಂದೆ ‘ಡ್’ ಆಗಿ ‘ಪ್ಲೇಡ್’. ಟ ಅಥವಾ ಡಕಾರದ ಮುಂದೆ ಮಾತ್ರ ಸ್ವರ ಉಳಿದು ‘ವಾಂಟೆಡ್’. ಇನ್ನೂ ಒಂದು ಮಾತಿದೆ. ಮಧ್ಯಯುಗದ ಇಂಗ್ಲಿಷರು ಈ ಪ್ರತ್ಯಯದ ಸ್ವರವನ್ನು ಪೂರ್ತಿಯಾಗಿಯೇ ಉಚ್ಚರಿಸುತ್ತಿದ್ದರು. ಷೇಕ್ಸ್‌ಪಿಯರನ ಪದ್ಯಗಳಲ್ಲಿ ಛಂದಸ್ಸಿಗೆ ಒದಗುವಂತೆ ಎರಡೂ ಬಗೆ ಸಿಗುತ್ತವೆ. ಕೋರ್ಟಿನಲ್ಲಿ ವಕೀಲರು ಎದುರಾಳಿಯನ್ನು ‘ಲರ್ನೆಡ್ ಫ್ರೆಂಡ್’ ಎನ್ನುವಾಗ ಇಂದಿಗೂ ಆ ಹಳೆಯ ಸ್ವರ ಕೇಳುತ್ತದೆ. ವಕೀಲರ ಬಾಯಲ್ಲಿ ಗೌರವ ಪಡೆದ ಉಚ್ಚಾರಕ್ಕೇ ಹುಡುಗನಿಗೆ ಸಿಕ್ಕಿದ್ದು ನಗೆ!

ಈ ನಿಯಮವನ್ನು ಇಂಗ್ಲಿಷರ ಮಕ್ಕಳಿಗೆ ಯಾರು ಕಲಿಸುತ್ತಾರೆ? ಯಾರೂ ಇಲ್ಲ. 1958ರಲ್ಲಿ ಅಮೆರಿಕದ ಜೀನ್ ಬರ್ಕೊ ಪ್ರಕಟಿಸಿದ ಪ್ರಯೋಗವೊಂದು ಇದನ್ನು ತೋರಿಸಿಕೊಟ್ಟಿತು. ನಾಲ್ಕರಿಂದ ಏಳು ವರ್ಷದ ಮಕ್ಕಳಿಗೆ ಆಕೆ ಹಕ್ಕಿಯಂಥ ಒಂದು ಕಾಲ್ಪನಿಕ ಪ್ರಾಣಿಯ ಚಿತ್ರ ತೋರಿಸಿ ‘ಇದು ವಗ್’ ಎಂದರು. ಆಮೇಲೆ ಎರಡು ಪ್ರಾಣಿಗಳನ್ನು ತೋರಿಸಿ, ಈಗ ಎರಡು ಏನಿವೆ ಎಂದು ಕೇಳಿದರು. ಬಹುಪಾಲು ಮಕ್ಕಳು ಝೇಂಕಾರದ ಧ್ವನಿ ಸೇರಿಸಿ ‘ವಗ್ಜ್’ ಎಂದರು. ಆ ಪದವನ್ನು ಅವರು ಹಿಂದೆಂದೂ ಕೇಳಿರಲಿಲ್ಲ, ಬಾಯಿಪಾಠ ಮಾಡಿರುವ ಸಾಧ್ಯತೆಯೇ ಇಲ್ಲ. ಅವರಲ್ಲಿದ್ದದ್ದು ನಿಯಮ. ‘ಟ್ಯಾಸ್’ ಎಂಬ ಇನ್ನೊಂದು ಸುಳ್ಳುಪದ ಕೊಟ್ಟಾಗ ಮಾತ್ರ ಹೆಚ್ಚಿನವರು ಎಡವಿದರು. ಮೂರನೆಯ ಉಚ್ಚಾರ ಮಕ್ಕಳಿಗೆ ತಡವಾಗಿ ಒಲಿಯುತ್ತದೆ. ನಮ್ಮ ಮಕ್ಕಳೂ ಹಾಗೆಯೇ; ಸಂಧಿಯ ಹೆಸರು ಕೇಳುವ ಮೊದಲೇ ‘ಮಳೆಗಾಲ’ ಎನ್ನುತ್ತಾರೆ.

ಘೋಷ ಬದಲಾಗುವಂತೆ ಧ್ವನಿಯ ಹುಟ್ಟುವ ಜಾಗವೂ ಬದಲಾಗಬಹುದು. ‘ಅಲ್ಲ’ ಎಂಬ ಅರ್ಥದ ‘ಇನ್’ ಎಂಬ ಲ್ಯಾಟಿನ್ ಉಪಸರ್ಗ ‘ಪಾಸಿಬಲ್’ ಜತೆ ಸೇರಿ ‘ಇಂಪಾಸಿಬಲ್’ ಆಯಿತು. ‘ಪ’ಕಾರಕ್ಕೆ ತುಟಿ ಮುಚ್ಚಬೇಕು, ಆ ಸಿದ್ಧತೆಯಲ್ಲಿ ನಕಾರವೂ ತುಟಿಯ ಮಕಾರವಾಯಿತು. ಕಣ್ ಮತ್ತು ಪನಿ ಸೇರಿ ‘ಕಂಬನಿ’ ಆದದ್ದೂ ಹೀಗೆಯೇ. ಅಲ್ಲಿ ಣಕಾರ ಮಕಾರವಾದದ್ದಲ್ಲದೆ ಪಕಾರವೂ ಬಕಾರವಾಗಿದೆ. ‘ಹ್ಯಾಂಡ್‌ಬ್ಯಾಗ್’ ಎಂದು ಬರೆದರೂ ಇಂಗ್ಲಿಷರು ಬೇಗ ಮಾತಾಡುವಾಗ ‘ಹ್ಯಾಂಬ್ಯಾಗ್’ ಎನ್ನುವುದು ಇದೇ ಕಾರಣಕ್ಕೆ.

ಎಲೆಕ್ಟ್ರಿಕ್–ಎಲೆಕ್ಟ್ರಿಸಿಟಿ, ಪಬ್ಲಿಕ್–ಪಬ್ಲಿಸಿಟಿ: ನಾವು ದಿನವೂ ಬಳಸುವ ಈ ಜೋಡಿಗಳಲ್ಲಿ ಕಕಾರ ಸಕಾರವಾಗಿದೆ. ಇ, ಎ ಸ್ವರಗಳಿಗೆ ನಾಲಿಗೆ ಮುಂದಕ್ಕೆ ಚಾಚುತ್ತದೆ; ಹಿಂದೆ ಹುಟ್ಟುವ ಕಕಾರವನ್ನೂ ಎಳೆದುಕೊಂಡು ಬರುತ್ತದೆ. ದ್ರಾವಿಡ ಭಾಷೆಗಳೂ ಈ ಸೆಳೆತಕ್ಕೆ ಹೊರತಲ್ಲ. ನಮ್ಮ ‘ಕೆರೆ’ ತೆಲುಗಿನಲ್ಲಿ ‘ಚೆರುವು’, ನಮ್ಮ ‘ಕಿವಿ’ ಅಲ್ಲಿ ‘ಚೆವಿ’. ಕನ್ನಡ ಹಳೆಯ ಕಕಾರವನ್ನು ಉಳಿಸಿಕೊಂಡಿದೆ.

ಹಾಗಾದರೆ ‘ಬ್ಯಾಂಕ್’ಗೆ ‘ಇಂಗ್’ ಸೇರಿದಾಗ ‘ಬ್ಯಾಂಸಿಂಗ್’ ಏಕಾಗುವುದಿಲ್ಲ? ಏಕೆಂದರೆ ಈ ನಿಯಮ ಲ್ಯಾಟಿನ್, ಫ್ರೆಂಚ್ ಮೂಲದಿಂದ ಬಂದ ಪದ ಮತ್ತು ಪ್ರತ್ಯಯಗಳ ಆಸ್ತಿ. ‘ಇಂಗ್’ ಇಂಗ್ಲಿಷಿನ ಮನೆಯ ಪ್ರತ್ಯಯ. ನಮ್ಮಲ್ಲಿ ಸಂಸ್ಕೃತ ಪದಗಳಿಗೆ ಗುಣ, ಸವರ್ಣದೀರ್ಘ ಸಂಧಿಗಳು, ಕನ್ನಡ ಪದಗಳಿಗೆ ಲೋಪ, ಆಗಮ, ಆದೇಶಗಳು ಇಲ್ಲವೇ? ಅದೇ ಬಗೆಯ ಎರಡು ಒಕ್ಕಲಿನ ಸಂಸಾರ ಅಲ್ಲಿಯದೂ.

ಇನ್ನು ಕೆಲವು ನಿಯಮಗಳು ಸತ್ತುಹೋಗಿ ಗುರುತು ಮಾತ್ರ ಬಿಟ್ಟಿವೆ. ತೋಳಕ್ಕೆ ‘ವುಲ್ಫ್’, ತೋಳಗಳಿಗೆ ‘ವುಲ್ವ್ಜ್’. ಪ್ರಾಚೀನ ಇಂಗ್ಲಿಷಿನಲ್ಲಿ ಘೋಷ ಧ್ವನಿಗಳ ನಡುವೆ ಬಂದ ‘ಎಫ್’ ತಾನೂ ಘೋಷವಾಗಿ ‘ವ’ಕಾರದಂತೆ ನುಡಿಯುತ್ತಿತ್ತು. 1066ರಲ್ಲಿ ನಾರ್ಮನ್ನರು ಗೆದ್ದ ಬಳಿಕ ಫ್ರೆಂಚ್ ಪದಗಳು ನುಗ್ಗಿದವು. ಕಾಲಕ್ರಮದಲ್ಲಿ ನಿಯಮ ಅಳಿಯಿತು. ಫ್ರೆಂಚಿನಿಂದ ಬಂದ ‘ಚೀಫ್’ ಬಹುವಚನದಲ್ಲೂ ‘ಚೀಫ್ಸ್’ ಆಗಿಯೇ ಉಳಿಯಿತು. ನಮ್ಮಲ್ಲೂ ಹಳಗನ್ನಡದ ‘ಪಾಲ್’ ಹಾಲಾಯಿತು, ‘ಪುಲಿ’ ಹುಲಿಯಾಯಿತು. ನಿಯಮದ ಕಾಲ ಮುಗಿದ ಮೇಲೆ ಬಂದ ಪೆನ್ನು ‘ಹೆನ್ನು’ ಆಗಲಿಲ್ಲ.

ಕೊನೆಗೆ ಮೊದಲಿನ ಪ್ರಶ್ನೆ. ಒಂದು ಕಾಲಕ್ಕೆ ‘ಬಟ್’ ಕೂಡ ‘ಬುಟ್’ ಆಗಿಯೇ ಇತ್ತು. 17ನೇ ಶತಮಾನದ ಸುಮಾರಿಗೆ ದಕ್ಷಿಣ ಇಂಗ್ಲೆಂಡಿನಲ್ಲಿ ಈ ಹ್ರಸ್ವ ಉಕಾರ ಅಕಾರದ ಕಡೆಗೆ ಜಾರಿತು. ತುಟಿಯ ಧ್ವನಿಯಿಂದ ಆರಂಭವಾಗುವ ಪುಟ್, ಪುಲ್, ಪುಶ್, ಫುಲ್, ಬುಲ್ ಮುಂತಾದವು ಉಳಿದುಕೊಂಡವು. ತುಟಿ ಗುಂಡಗಾಗುವ ಉಕಾರಕ್ಕೆ ತುಟಿಯ ವ್ಯಂಜನವೇ ಆಸರೆಯಾಯಿತು. ಎಲ್ಲ ಪದಗಳಿಗೂ ಆ ಆಸರೆ ಸಿಗಲಿಲ್ಲ, ‘ಬಟ್’ ಜಾರಿಕೊಂಡಿತು. ಉತ್ತರ ಇಂಗ್ಲೆಂಡಿನ ಆಡುಮಾತಿಗೆ ಈ ಬದಲಾವಣೆ ತಲುಪಲೇ ಇಲ್ಲ. ಅಲ್ಲಿನವರ ಬಾಯಲ್ಲಿ ಇಂದಿಗೂ ಎರಡು ಪದಗಳಿಗೂ ಪ್ರಾಸ ಕೂಡುತ್ತದೆ. ನಮ್ಮ ಜೋಕು ಅವರಿಗೆ ಅರ್ಥವಾಗಲಿಕ್ಕಿಲ್ಲ!

ಸಂಧಿಯಾದ ಮೇಲಿನ ರೂಪವನ್ನೇ ಬರೆಯುವುದು ಕನ್ನಡದ ಕ್ರಮ. ಇಂಗ್ಲಿಷ್ ಬಹುಮಟ್ಟಿಗೆ ಮೊದಲಿನ ರೂಪವನ್ನೇ ಬರೆದಿಟ್ಟು, ಬದಲಾವಣೆಯನ್ನು ಬಾಯಿಗೆ ಬಿಡುತ್ತದೆ. ಅಲ್ಲಿ ನಿಯಮವಿಲ್ಲವೆಂದಲ್ಲ, ಅದು ಕಾಗದದ ಮೇಲೆ ಕಾಣುವುದಿಲ್ಲ. ‘ಸಂಧಿ’ ಎಂಬ ನಮ್ಮ ಶಬ್ದವನ್ನೇ ಪಾಶ್ಚಾತ್ಯ ಭಾಷಾವಿಜ್ಞಾನಿಗಳು ಇಂಥ ಬದಲಾವಣೆಗಳಿಗೆ ಎರವಲು ಪಡೆದಿದ್ದಾರೆ. ನಮ್ಮ ಇಂಗ್ಲಿಷ್ ಮೇಷ್ಟರು ‘ವಾಕೆಡ್’ ಎಂದ ಹುಡುಗನನ್ನು ಕೂರಿಸುವ ಬದಲು, ಗಂಟಲ ಮೇಲೆ ಬೆರಳಿಡಲು ಹೇಳಿ ‘ಮಳೆಗಾಲ’ದಿಂದ ಪಾಠ ಆರಂಭಿಸಿದರೆ ಐದು ನಿಮಿಷ ಸಾಕು. ಆಮೇಲೆ ಅವನು ಧೈರ್ಯವಾಗಿ ಮುಂದಿನ ಸಾಲು ಓದಬಹುದು.