ಕಿಂಡಿ ಕಾಯುವವರು ಬೇಕಾಗಿದ್ದಾರೆ

2016ರ ಫೆಬ್ರುವರಿ 4, ಗುರುವಾರ ರಾತ್ರಿ. ಢಾಕಾದ ಬಾಂಗ್ಲಾದೇಶ ಬ್ಯಾಂಕಿನಲ್ಲಿ ನೌಕರರೆಲ್ಲ ಮನೆ ಸೇರಿದ್ದರು. ಇದು ನಮ್ಮ ರಿಸರ್ವ್ ಬ್ಯಾಂಕಿನಂತೆ ಆ ದೇಶದ ಕೇಂದ್ರ ಬ್ಯಾಂಕು. ಅದರ ಡಾಲರ್ ಖಾತೆ ಇದ್ದದ್ದು ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಿನಲ್ಲಿ. ಆ ರಾತ್ರಿ ಢಾಕಾದ ಕಂಪ್ಯೂಟರಿನಿಂದ ನ್ಯೂಯಾರ್ಕಿಗೆ ಒಂದರ ಹಿಂದೊಂದು 35 ಆದೇಶಗಳು ಹೋದವು. ಇಷ್ಟು ಹಣವನ್ನು ಇಂಥವರ ಖಾತೆಗೆ ಕಳಿಸಿ, ಅಷ್ಟನ್ನು ಅಂಥವರಿಗೆ ಕಳಿಸಿ. ಒಟ್ಟು ಸುಮಾರು 95 ಕೋಟಿ ಡಾಲರ್. ಬರೆದವರು ಮಾತ್ರ ಬ್ಯಾಂಕಿನವರಲ್ಲ, ಎಲ್ಲೋ ದೂರದಲ್ಲಿ ಕುಳಿತ ಕಳ್ಳರು.

ಕಳ್ಳರು ಪಂಚಾಂಗವನ್ನೂ ನೋಡಿದ್ದರು! ಬಾಂಗ್ಲಾದೇಶದಲ್ಲಿ ಶುಕ್ರವಾರ, ಶನಿವಾರ ವಾರದ ರಜೆ. ಢಾಕಾದವರು ಎಚ್ಚೆತ್ತು ಕರೆ ಮಾಡುವ ಹೊತ್ತಿಗೆ ನ್ಯೂಯಾರ್ಕಿನಲ್ಲಿ ವಾರಾಂತ್ಯ. ಸೋಮವಾರ ಬಂತು ಎನ್ನುವಾಗ, ಹಣ ಹೋಗಿ ಬಿದ್ದಿದ್ದ ಮನಿಲಾದಲ್ಲಿ ಚೀನೀ ಹೊಸ ವರ್ಷದ ರಜೆ. ಪ್ರತಿ ವ್ಯವಹಾರವನ್ನೂ ಅಚ್ಚು ಹಾಕಬೇಕಿದ್ದ ಪ್ರಿಂಟರನ್ನೂ ಅವರು ಮೊದಲೇ ಕೆಡಿಸಿಟ್ಟಿದ್ದರು. ಪ್ರಿಂಟರ್ ಕೆಡುವುದು ಯಾವ ಆಫೀಸಿನಲ್ಲಿ ಇಲ್ಲ? ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಇಷ್ಟೆಲ್ಲ ಬುದ್ಧಿವಂತರು ಎಡವಿದ್ದು ಎಲ್ಲಿ ಗೊತ್ತೇ? ಕಾಗುಣಿತದಲ್ಲಿ. ಶ್ರೀಲಂಕಾದ ಒಂದು ಸಂಸ್ಥೆಯ ಹೆಸರಿಗೆ 2 ಕೋಟಿ ಡಾಲರ್ ಕಳಿಸುವಾಗ ‘ಫೌಂಡೇಶನ್’ ಎಂದು ಬರೆಯುವ ಕಡೆ ‘ಫ್ಯಾಂಡೇಶನ್’ ಎಂದು ಬರೆದಿದ್ದರು. ನಡುವೆ ಹಣ ದಾಟಿಸುವ ಬ್ಯಾಂಕಿನವರ ಕಣ್ಣಿಗೆ ಅದು ಬಿತ್ತು. ‘ಇದೇನು, ಸ್ವಲ್ಪ ವಿವರಿಸಿ’ ಎಂದು ಅವರು ಕೇಳಿದರು. ಆ 2 ಕೋಟಿ ಉಳಿಯಿತು. ಉಳಿದ ಬಹುಪಾಲು ಆದೇಶಗಳನ್ನೂ ನ್ಯೂಯಾರ್ಕ್ ತಡೆಹಿಡಿಯಿತು. ಆದರೂ 8 ಕೋಟಿ 10 ಲಕ್ಷ ಡಾಲರ್ ಮನಿಲಾ ತಲುಪಿ, ಅಲ್ಲಿನ ಜೂಜುಕಟ್ಟೆಗಳಲ್ಲಿ ಕರಗಿಹೋಯಿತು.

ಮಕ್ಕಳೇ, ಬ್ಯಾಂಕಿನ ಕೌಂಟರಿನಲ್ಲಿ ಆಯುಸ್ಸು ಕಳೆದ ನನಗೆ ಈ ಕತೆ ಬಹಳ ಇಷ್ಟ. ಚೆಕ್ಕಿನಲ್ಲಿ ಒಂದಕ್ಷರ ಆಚೀಚೆಯಾದರೆ ವಾಪಸ್ ಕಳಿಸುತ್ತಿದ್ದ ನಮ್ಮನ್ನು ಗಿರಾಕಿಗಳು ‘ಗುಮಾಸ್ತ ಬುದ್ಧಿ’ ಎಂದು ಬೈಯುತ್ತಿದ್ದರು. ಆ ಬುದ್ಧಿಗೆ ಈಗ ಸೈಬರ್ ಸೆಕ್ಯುರಿಟಿ ಎಂಬ ದೊಡ್ಡ ಹೆಸರು ಬಂದಿದೆ, ಸಂಬಳವೂ ದೊಡ್ಡದೇ.

ಕಂಪ್ಯೂಟರ್ ಬರುವ ಮೊದಲು ಒಂದು ಶಾಖೆಯಿಂದ ಇನ್ನೊಂದಕ್ಕೆ ತುರ್ತಾಗಿ ಹಣ ಕಳಿಸಲು ತಂತಿ ಕೊಡುತ್ತಿದ್ದೆವು. ತಂತಿಯನ್ನು ಯಾರು ಬೇಕಾದರೂ ಕೊಡಬಹುದಲ್ಲ? ಅದಕ್ಕೇ ಅದರಲ್ಲಿ ಒಂದು ಪರೀಕ್ಷಾ ಸಂಖ್ಯೆ ಇರುತ್ತಿತ್ತು. ಮ್ಯಾನೇಜರರ ಬಳಿ ಬೀಗದಲ್ಲಿರುವ ಒಂದು ಗುಟ್ಟಿನ ಪುಸ್ತಕ. ಮೊತ್ತಕ್ಕೆ ಒಂದು ಅಂಕಿ, ತಾರೀಖಿಗೆ ಒಂದು, ಶಾಖೆಗೆ ಒಂದು, ಎಲ್ಲ ಕೂಡಿದರೆ ಆ ದಿನದ ಸಂಖ್ಯೆ. ಆ ಕಡೆಯವರು ತಮ್ಮ ಪುಸ್ತಕ ತೆಗೆದು ಲೆಕ್ಕ ಹಾಕಿ, ತಾಳೆಯಾದರೆ ಮಾತ್ರ ಹಣ ಕೊಡುತ್ತಿದ್ದರು. ದಾರಿಯಲ್ಲಿ ಯಾರಾದರೂ ಐದು ಸಾವಿರವನ್ನು ಐವತ್ತು ಸಾವಿರ ಮಾಡಿದರೆ ಕೂಡಿಕೆ ತಪ್ಪುತ್ತದೆ, ಸಿಕ್ಕಿಬೀಳುತ್ತದೆ. ಖಜಾನೆ ಕೋಣೆಗೂ ಎರಡು ಕೀಲಿ, ಇಬ್ಬರ ಕೈಯಲ್ಲಿ. ಒಬ್ಬರೇ ಹೋದರೆ ಬಾಗಿಲು ತೆರೆಯದು. ನಿಮ್ಮ ಅಪ್ಪನ ಮೊಬೈಲಿಗೆ ಪಾಸ್‌ವರ್ಡ್ ಆದ ಮೇಲೆ ಒಟಿಪಿ ಬರುತ್ತದಲ್ಲ, ಅದು ಈ ಎರಡನೆಯ ಕೀಲಿಯೇ. ಅದನ್ನು ಫೋನಿನಲ್ಲಿ ಕೇಳಿದವರಿಗೆ ಹೇಳಿದರೆ ಎರಡೂ ಕೀಲಿ ಒಬ್ಬನ ಕೈಗೇ ಹೋದಂತೆ.

ಹಾಗೆ ಹೋದ ಹಣ ಎಷ್ಟು? ಕೇಂದ್ರ ಸರ್ಕಾರ ಸಂಸತ್ತಿಗೆ ಕೊಟ್ಟ ಲೆಕ್ಕದಂತೆ 2024ರಲ್ಲಿ ಸೈಬರ್ ವಂಚನೆಯಲ್ಲಿ ದೇಶದ ಜನ ಕಳೆದುಕೊಂಡದ್ದು 22,845 ಕೋಟಿ ರೂಪಾಯಿ. ಅದರ ಹಿಂದಿನ ವರ್ಷ 7,465 ಕೋಟಿ. ಒಂದೇ ವರ್ಷದಲ್ಲಿ ಮೂರು ಪಟ್ಟು! ಇದರಲ್ಲಿ ಕೊಬ್ಬರಿ ಮಾರಿದ ಹಣವಿದೆ, ಮಗಳ ಮದುವೆಗೆಂದು ಇಟ್ಟ ಠೇವಣಿಯಿದೆ. ನನ್ನ ಪರಿಚಯದ ನಿವೃತ್ತ ಮೇಷ್ಟ್ರೊಬ್ಬರು ‘ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ’ ಎಂಬ ಕರೆಗೆ ಹೆದರಿ, ಬಾಗಿಲು ಹಾಕಿಕೊಂಡು ಎರಡು ದಿನ ಊಟ ಬಿಟ್ಟು ಕುಳಿತಿದ್ದರು. ಅಂಥ ಅರೆಸ್ಟ್ ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ಮನೆಯಲ್ಲಿ ಯಾರಿಗಾದರೂ ಹೀಗಾದರೆ ಕೂಡಲೇ 1930ಕ್ಕೆ ಫೋನ್ ಮಾಡಬೇಕು. ಎಷ್ಟು ಬೇಗ ಮಾಡಿದರೆ ಅಷ್ಟು ಹಣ ದಾರಿಯಲ್ಲೇ ನಿಲ್ಲುತ್ತದೆ. ಗೋಡೆಯ ಮೇಲೆ ಬರೆದಿಡಿ.

ಚಿತ್ರದುರ್ಗದ ಜಿಲ್ಲೆಯವರಿಗೆ ಈ ಕೆಲಸ ಏನೆಂದು ವಿವರಿಸುವುದು ಸುಲಭ. ಏಳು ಸುತ್ತಿನ ಕೋಟೆ, ಒಂದೊಂದು ಬಾಗಿಲೂ ಆನೆಯ ದಾರಿಗೆ ಅಡ್ಡವಾಗಿ ತಿರುವು ತಿರುವಾಗಿ ಕಟ್ಟಿದ್ದು. ಹೈದರಾಲಿಯ ಸೈನಿಕರು ಬಂದದ್ದು ಬಾಗಿಲಿನಿಂದಲ್ಲ, ಒಬ್ಬ ಮನುಷ್ಯ ನುಸುಳುವಷ್ಟು ಕಿಂಡಿಯಿಂದ. ಕಾವಲಿನವನು ಊಟಕ್ಕೆ ಹೋಗಿದ್ದ ಹೊತ್ತು ನೋಡಿ ಬಂದರು. ನೀರಿಗೆ ಹೋದ ಓಬವ್ವ ಸದ್ದು ಕೇಳಿಸಿಕೊಂಡಳು, ಕೈಗೆ ಸಿಕ್ಕ ಒನಕೆ ಹಿಡಿದಳು. ಅವಳ ಶೌರ್ಯ ಎಲ್ಲರಿಗೂ ಗೊತ್ತು. ನಾನು ಕೇಳುವುದು ಬೇರೆ. ಆ ಕಿಂಡಿ ಅಲ್ಲಿದೆ ಎಂದು ಶತ್ರುವಿಗಿಂತ ಮೊದಲು ನಾವೇ ಯಾಕೆ ಹುಡುಕಲಿಲ್ಲ? ಇಂದು ಕಂಪನಿಗಳು, ಬ್ಯಾಂಕುಗಳು ಇದಕ್ಕೇ ಸಂಬಳ ಕೊಟ್ಟು ಜನರನ್ನು ಇಟ್ಟುಕೊಳ್ಳುತ್ತವೆ. ‘ನಮ್ಮ ಕೋಟೆಗೆ ನೀವೇ ಲಗ್ಗೆ ಹಾಕಿ ನೋಡಿ, ಕಿಂಡಿ ಎಲ್ಲಿದೆ ಹೇಳಿ’ ಎನ್ನುತ್ತವೆ. ಅವರಿಗೆ ಎಥಿಕಲ್ ಹ್ಯಾಕರ್ ಎಂದು ಹೆಸರು.

ಆದರೆ ಕರೆಯದೆ ಯಾರದೋ ಕೋಟೆಗೆ ಲಗ್ಗೆ ಹಾಕುವಂತಿಲ್ಲ. ಗೆಳೆಯನ ಇನ್‌ಸ್ಟಾಗ್ರಾಂ ಖಾತೆ ತೆರೆದು ನೋಡುವುದು ತಮಾಷೆಯಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಕಲಮಿನಂತೆ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ.

ಹಾಗಾದರೆ ಲಗ್ಗೆ ಹಾಕುವುದನ್ನು ಅಭ್ಯಾಸ ಮಾಡುವುದೆಲ್ಲಿ? ಇಲ್ಲಿ ವಿಶ್ವವಿದ್ಯಾಲಯಗಳು ಒಂದು ಒಳ್ಳೆಯ ಕೆಲಸ ಮಾಡಿವೆ. ಅವು ಮಕ್ಕಳಿಗಾಗಿಯೇ ಆಟದ ಕೋಟೆಗಳನ್ನು ಕಟ್ಟಿವೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ 2013ರಲ್ಲಿ ‘ಪಿಕೋ ಸಿಟಿಎಫ್’ ಎಂಬ ಸ್ಪರ್ಧೆ ಶುರು ಮಾಡಿತು. ಸಿಟಿಎಫ್ ಎಂದರೆ ‘ಬಾವುಟ ಹಿಡಿ’ ಆಟ. ಒಂದು ಒಗಟಿನೊಳಗೆ ಒಂದು ಗುಟ್ಟಿನ ಪದ ಅಡಗಿರುತ್ತದೆ, ಅದನ್ನು ಹೊರತೆಗೆದರೆ ಬಾವುಟ ನಿಮ್ಮದು, ಅಂಕ ನಿಮ್ಮದು. 13 ವರ್ಷ ತುಂಬಿದ ಯಾರೂ ಕಾಸಿಲ್ಲದೆ ಆಡಬಹುದು. ಸ್ಪರ್ಧೆ ವರ್ಷಕ್ಕೊಮ್ಮೆ, ಅಭ್ಯಾಸದ ಅಂಗಳ ವರ್ಷವಿಡೀ ತೆರೆದಿರುತ್ತದೆ. ನಮ್ಮ ದೇಶದಲ್ಲಿ ಅಮೃತ ವಿಶ್ವವಿದ್ಯಾಪೀಠ 2010ರಿಂದ ‘ಇನ್ ಸಿಟಿಎಫ್’ ನಡೆಸುತ್ತಿದೆ, ಶಾಲಾ ಮಕ್ಕಳಿಗೆ ಅದರ ಜೂನಿಯರ್ ವಿಭಾಗವೂ ಇದೆ. ಇದರಲ್ಲಿ ನನಗೆ ಮೆಚ್ಚುಗೆಯಾದದ್ದು ಎಂದರೆ ಒಗಟು ಹೆಣೆಯುವವರಲ್ಲಿ ಹೆಚ್ಚಿನವರು ಅಲ್ಲಿನ ವಿದ್ಯಾರ್ಥಿಗಳೇ. ಅಣ್ಣಂದಿರು, ಅಕ್ಕಂದಿರು ತಮ್ಮ ತಂಗಿಯರಿಗೆ ಹೇಳಿಕೊಟ್ಟ ಹಾಗೆ.

ಒಂದು ಸಣ್ಣ ಬಾವುಟ ಇಲ್ಲೇ ಹಿಡಿಯೋಣ. ‘ಕೋಟೆ’ ಎಂಬ ಪದ ತೆಗೆದುಕೊಳ್ಳಿ. ಪ್ರತಿ ವ್ಯಂಜನವನ್ನೂ ವರ್ಣಮಾಲೆಯಲ್ಲಿ ಎರಡು ಮನೆ ಮುಂದೆ ಸರಿಸಿ, ಸ್ವರ ಹಾಗೇ ಇರಲಿ. ಕ, ಖ, ಗ. ಟ, ಠ, ಡ. ಏನಾಯಿತು? ‘ಗೋಡೆ’! ಸುಮಾರು ಎರಡು ಸಾವಿರ ವರ್ಷದ ಹಿಂದೆ ರೋಮಿನ ಜೂಲಿಯಸ್ ಸೀಸರ್ ಹೀಗೆಯೇ ಅಕ್ಷರ ಸರಿಸಿ ಗುಟ್ಟಿನ ಪತ್ರ ಬರೆಯುತ್ತಿದ್ದನಂತೆ. ಈಗ ನಿಮ್ಮ ಸರದಿ: ‘ಯಪೆಘೆ ಭಾ’. ಇದನ್ನು ಒಂದೇ ಮನೆ ಹಿಂದಕ್ಕೆ ಸರಿಸಿ ಓದಿ. ಅಮ್ಮ ಸಂಜೆ ಕೂಗುವ ಮಾತು.

ಇಂದಿನ ಬೀಗಗಳು ಇಷ್ಟು ಸಲೀಸಾಗಿ ಬಿಚ್ಚುವುದಿಲ್ಲ, ಅವು ಗಣಿತದ ಬೀಗಗಳು. 89ನ್ನು 97ರಿಂದ ಗುಣಿಸಿ ಎಂದರೆ ಅರ್ಧ ನಿಮಿಷದ ಕೆಲಸ, 8633. ಆದರೆ 8633ನ್ನು ಮೊದಲೇ ಕೊಟ್ಟು, ‘ಯಾವ ಎರಡು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ?’ ಎಂದಿದ್ದರೆ? ಮಧ್ಯಾಹ್ನವೆಲ್ಲ ಕುಳಿತಿರುತ್ತಿದ್ದಿರಿ. ನಾಲ್ಕಂಕಿಗೇ ಹೀಗಾದರೆ ಆರುನೂರು ಅಂಕಿಯ ಸಂಖ್ಯೆಗೆ ಹೇಗಿರಬೇಕು! 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಈ ಕಷ್ಟವನ್ನೇ ಬೀಗವಾಗಿ ಮಾಡಿದರು. ಒಂದು ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂದು ನಿಶ್ಚಯವಾಗಿ, ಬೇಗ ಹೇಳುವ ವಿಧಾನಕ್ಕಾಗಿ ಜಗತ್ತಿನ ಗಣಿತಜ್ಞರು ಬಹುಕಾಲ ಹುಡುಕಾಡಿದರು. 2002ರಲ್ಲಿ ಅದನ್ನು ಕೊಟ್ಟವರು ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್ ಮತ್ತು ಅವರ ಇಬ್ಬರು ವಿದ್ಯಾರ್ಥಿಗಳು, ನೀರಜ್ ಕಯಾಲ್, ನಿತಿನ್ ಸಕ್ಸೇನಾ. ಈ ಇಬ್ಬರೂ ಆಗಷ್ಟೇ ಬಿ.ಟೆಕ್. ಮುಗಿಸುತ್ತಿದ್ದ ಹುಡುಗರು.

ಕರ್ನಾಟಕದಲ್ಲಿ ಈ ವಿದ್ಯೆ ಹರಡಲು ಸರ್ಕಾರ ‘ಸೈಸೆಕ್’ ಎಂಬ ಸೈಬರ್ ಭದ್ರತಾ ಕೇಂದ್ರ ಸ್ಥಾಪಿಸಿ, ಅದನ್ನು ನಡೆಸುವ ಹೊಣೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಕೊಟ್ಟಿದೆ. ಜಾಗೃತಿ, ತರಬೇತಿ ಎರಡೂ ಅದರ ಕೆಲಸ. ವಿಜ್ಞಾನ ಸಂಸ್ಥೆ ವರ್ಷಕ್ಕೊಂದು ದಿನ ಬಾಗಿಲು ತೆರೆದು ಎಲ್ಲರನ್ನೂ ಒಳಗೆ ಬಿಡುತ್ತದೆ, ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ. ಅದೇ ಸಂಸ್ಥೆಯ ಎರಡನೆಯ ಆವರಣ ನಮ್ಮ ಜಿಲ್ಲೆಯಲ್ಲೇ, ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿದೆ. ಅಲ್ಲಿ ಸಾವಿರಾರು ವಿಜ್ಞಾನ ಮತ್ತು ಗಣಿತ ಶಿಕ್ಷಕರು ತರಬೇತಿ ಪಡೆದಿದ್ದಾರೆ. ಬೆಂಗಳೂರಿನ ಆ ಕೆಲಸ, ಕುದಾಪುರದ ಈ ಕೆಲಸ ಕೈಜೋಡಿಸಿದರೆ ಹಳ್ಳಿ ಶಾಲೆಯ ಅವಿಭಾಜ್ಯ ಸಂಖ್ಯೆಯ ಪಾಠದ ರುಚಿಯೇ ಬೇರೆಯಾದೀತು.

ಪ್ರತಿ ತಿಂಗಳ ಮೊದಲ ಬುಧವಾರ ಕಾಲೇಜುಗಳು ಸೈಬರ್ ಜಾಗೃತಿ ದಿನ ಆಚರಿಸಬೇಕೆಂದು 2021ರಿಂದ ಸೂಚನೆಯೂ ಇದೆ. ಒಳ್ಳೆಯದೇ. ಆದರೆ ಇಂಥ ದಿನಗಳನ್ನು ನಾನು ಕಂಡಿರುವುದು ಹೀಗೆ: ಬ್ಯಾನರ್, ಹಾರ, ಇಂಗ್ಲಿಷಿನಲ್ಲಿ ಒಂದು ಗಂಟೆ ಭಾಷಣ, ಫೋಟೋ, ಉಪ್ಪಿಟ್ಟು. ಹಿಂದಿನ ಬೆಂಚಿನ ಹುಡುಗಿ ಕೇಳಬೇಕೆಂದಿದ್ದ ಪ್ರಶ್ನೆ ಅವಳ ಬಾಯಲ್ಲೇ ಉಳಿಯುತ್ತದೆ. ಅವಳು ಕೇಳುವುದು ಬಹಳ ಸಾದಾ ಪ್ರಶ್ನೆ: ‘ನಾನು ಕನ್ನಡ ಮಾಧ್ಯಮ. ನನಗೆ ಆಗುತ್ತದಾ?’

ಆಗುತ್ತದೆ. ದಾರಿ ಒಂದೇ ಅಲ್ಲ. ಎಸ್ಸೆಸ್ಸೆಲ್ಸಿ ಆದ ಮೇಲೆ ಪಾಲಿಟೆಕ್ನಿಕ್ಕಿಗೆ ಸೇರಿದರೆ ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾದ ಮೂರನೆಯ ವರ್ಷ ಆರಿಸಿಕೊಳ್ಳುವ ವಿಷಯಗಳಲ್ಲಿ ಸೈಬರ್ ಸೆಕ್ಯುರಿಟಿಯೂ ಒಂದು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೆಲವು ಕಾಲೇಜುಗಳಲ್ಲಿ ಇದೇ ಬಿ.ಇ. ಶಾಖೆಯಾಗಿದೆ. ಅಪರಾಧ ಪತ್ತೆಯ ಕಡೆ ಒಲವಿದ್ದರೆ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಆವರಣ ಧಾರವಾಡದಲ್ಲಿದೆ. ನನ್ನಂತೆ ಬಿ.ಕಾಂ. ಓದಿದವರೂ ಹಿಂದೆ ಬೀಳಬೇಕಿಲ್ಲ: ಕಂಪ್ಯೂಟರ್ ವ್ಯವಸ್ಥೆಗಳ ಆಡಿಟ್ ಎಂಬ ದೊಡ್ಡ ವಿಭಾಗವೇ ಇದೆ. ಯಾರಿಗೆ ಯಾವ ಕೀಲಿ ಕೊಟ್ಟಿದ್ದಾರೆ, ಕೆಲಸ ಬಿಟ್ಟು ಹೋದವನ ಪಾಸ್‌ವರ್ಡ್ ಇನ್ನೂ ನಡೆಯುತ್ತಿದೆಯೇ, ಇವನ್ನೆಲ್ಲ ಕೆದಕುವವರು ಲೆಕ್ಕ ಬಲ್ಲವರೇ. ಇಂಗ್ಲಿಷ್ ಬೇಕು, ಸುಳ್ಳು ಹೇಳಲಾರೆ. ಆದರೆ ಅದು ಓದಿ ತಿಳಿಯುವ ಇಂಗ್ಲಿಷ್, ಠಸ್ಸೆಂದು ಮಾತಾಡುವುದಲ್ಲ. ಪೋಷಕರಿಗೆ ಒಂದು ಮಾತು: ‘ಆರು ವಾರದಲ್ಲಿ ಹ್ಯಾಕರ್, ಕೆಲಸ ಗ್ಯಾರಂಟಿ’ ಎಂದು ಲಕ್ಷ ಕೇಳುವವರ ಬಳಿ ಹೋಗುವ ಮುನ್ನ ಮಗು ಕಾಸಿಲ್ಲದ ಒಗಟುಗಳಲ್ಲಿ ಎರಡು ತಿಂಗಳು ಕೂರುತ್ತದೆಯೇ ನೋಡಿ. ಕೂತರೆ ಮುಂದಿನದು ಯೋಚಿಸಿ.

ನಮ್ಮ ಮತ್ತೋಡು ಒಂದು ಕಾಲಕ್ಕೆ ಗಾಜಿನ ಬಳೆಗೆ ಹೆಸರಾಗಿತ್ತು. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕಾನನ್ ಎಂಬ ಇಂಗ್ಲಿಷರ ಕಡೆಯ ವೈದ್ಯ ಇಲ್ಲಿನ ಗಾಜಿನ ಕೆಲಸದ ಬಗ್ಗೆ ಬರೆದಿಟ್ಟಿದ್ದಾನೆ. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ, ಐದು ಬಣ್ಣದ ಬಳೆ. ಕುಲುಮೆಗಳು ಈಗಿಲ್ಲ. ಊರ ಹುಡುಗರು ಬೆಂಗಳೂರಿನಲ್ಲಿ ಪಾರ್ಸೆಲ್ ಹಂಚುತ್ತಾರೆ, ಮರ್ಯಾದೆಯ ದುಡಿಮೆಯೇ. ಆದರೂ ಕೈಯಲ್ಲಿ ಒಂದು ಕಸುಬಿದ್ದು, ಅದನ್ನು ಹುಡುಕಿಕೊಂಡು ಹೊರಗಿನವರು ಬರುವುದು ಬೇರೆ. ಈ ಹೊಸ ಕಸುಬಿಗೆ ಕುಲುಮೆ ಬೇಡ, ಮರಳು ಬೇಡ. ಒಂದು ಹಳೆಯ ಕಂಪ್ಯೂಟರ್, ಇಂಟರ್ನೆಟ್, ತಾಳ್ಮೆ ಇದ್ದರೆ ಮೊದಲ ಮೆಟ್ಟಿಲು ಹತ್ತಬಹುದು.

ನಮ್ಮ ಬೀದಿಯಲ್ಲಿ ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಹತ್ತಲು ಶುರು ಮಾಡಿದ್ದಾಳೆ. ಮೊನ್ನೆ ಪಿಕೋ ಒಗಟುಗಳ ಮಧ್ಯೆ ಸಿಕ್ಕಿಕೊಂಡು ಬಂದಳು. ಪುಸ್ತಕದಲ್ಲಿ 01001011 ಎಂದು ಬರೆದುಕೊಂಡಿದ್ದಳು. ‘ತಾತ, ಬರೀ ಸೊನ್ನೆ, ಒಂದು. ಇದು ಯಾವ ಲೆಕ್ಕ?’ ನಾನು ಹೇಳಿದೆ, ‘ನೋಡವ್ವ, ನಿಮ್ಮಜ್ಜಿ ರಾಗಿ ಅಳೆಯುತ್ತಿದ್ದರಲ್ಲ, ಸೇರು, ಅಚ್ಚೇರು, ಪಾವು, ಅರೆಪಾವು, ಚಟಾಕು. ಒಂದರ ಅರ್ಧ ಇನ್ನೊಂದು. ಇದೂ ಹಾಗೇ. ಎಡದಿಂದ 128, 64, 32, 16, 8, 4, 2, 1. ಒಂದು ಇದ್ದ ಕಡೆ ಆ ಅಳತೆ ಹಾಕು, ಸೊನ್ನೆ ಇದ್ದ ಕಡೆ ಬಿಡು.’ ಬೆರಳು ಮಡಿಸಿ ಕೂಡಿದಳು. 64, 8, 2, 1, ಒಟ್ಟು 75. ಕಂಪ್ಯೂಟರಿನ ಅಕ್ಷರ ಪಟ್ಟಿಯಲ್ಲಿ 75 ಎಂದರೆ ಇಂಗ್ಲಿಷಿನ ‘ಕೆ’. ‘ಇನ್ನೂ ಹನ್ನೊಂದು ಅಕ್ಷರ ಇವೆ ತಾತ’ ಎಂದು ಪೆನ್ಸಿಲ್ ಚೂಪು ಮಾಡಿಕೊಂಡು ಜಗಲಿಯ ಮೇಲೇ ಕುಳಿತಳು.