ನಡೆಯುತ್ತಾ ಮಾತಾಡಿದರೂ ಕಡಿಯದ ಕರೆ

ಮಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ದಾದಿಯೊಬ್ಬರು ವೈ-ಫೈ ಫೋನಿನಲ್ಲಿ ವೈದ್ಯರಿಂದ ಔಷಧದ ಪ್ರಮಾಣ ಕೇಳಿಕೊಳ್ಳುತ್ತಾ ವಾರ್ಡು ದಾಟುತ್ತಿದ್ದಾರೆ ಎಂದುಕೊಳ್ಳಿ. ಒಂದು ಅಂಕಿ ಕೇಳಿಸದೆ ಹೋದರೂ ಅಪಾಯ.

ಛಾವಣಿಯಲ್ಲಿ ಅಲ್ಲಲ್ಲಿರುವ ಪುಟ್ಟ ರೇಡಿಯೋ ಪೆಟ್ಟಿಗೆಗಳೇ ಆಕ್ಸೆಸ್ ಪಾಯಿಂಟುಗಳು. ಸಂಕೇತ ಕುಗ್ಗಿದಾಗ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವ ನಿರ್ಧಾರ ಫೋನಿನದೇ. ಆವರ್ತನ ಪಟ್ಟಿಯನ್ನು ಆರಿಸುವುದೂ ಅದೇ. 2.4 ಗಿಗಾಹರ್ಟ್ಸ್ ಅಲೆ ದೂರ ಹೋಗುತ್ತದೆ, ಆದರೆ ಅಲ್ಲಿ ಗದ್ದಲ ಹೆಚ್ಚು. 5 ಗಿಗಾಹರ್ಟ್ಸ್‌ನಲ್ಲಿ ಜಾಗ ವಿಶಾಲ, ಆದರೆ ದಪ್ಪ ಮುರಕಲ್ಲಿನ ಗೋಡೆ ಎದುರಾದರೆ ಅಲೆ ಬೇಗ ಸೊರಗುತ್ತದೆ.

ಮಾತು ಸಾಮಾನ್ಯವಾಗಿ ಸೆಕೆಂಡಿಗೆ 50 ತುಣುಕುಗಳಾಗಿ ಸಾಗುತ್ತದೆ. ಹೊಸ ಪೆಟ್ಟಿಗೆಯ ಬಳಿ ಗುರುತಿನ ಪರಿಶೀಲನೆ ಪೂರ್ತಿ ಮತ್ತೆ ನಡೆದರೆ ಹಲವು ತುಣುಕುಗಳು ನಷ್ಟವಾಗಬಹುದು. 2008ರ 802.11ಆರ್ ಮಾನದಂಡ ಇದನ್ನು ಚುಟುಕುಗೊಳಿಸಿತು. ಆದರೆ ನೆರೆಯ ಪೆಟ್ಟಿಗೆಗಳ ವ್ಯಾಪ್ತಿ ಪರಸ್ಪರ ತಾಗಿಕೊಂಡಿಲ್ಲದಿದ್ದರೆ ಯಾವ ಮಾನದಂಡವೂ ಕರೆಯನ್ನು ಉಳಿಸಲಾರದು.