ಒಂದೇ ರೆಸ್ಯೂಮ್ ಎಲ್ಲ ಕೆಲಸಕ್ಕೂ ಹೊಂದುವುದಿಲ್ಲ



ಟ್ರಸ್ಟಿನ ವಿದ್ಯಾರ್ಥಿವೇತನ ಪಡೆದು ಓದು ಮುಗಿಸಿದ ಮಕ್ಕಳು ಕಚೇರಿಗೆ ಬಂದಾಗ ನಾನು ಕೇಳುವ ಮೊದಲ ಪ್ರಶ್ನೆ "ಕೆಲಸ ಸಿಕ್ಕಿತೇ?" ಎಂಬುದು. ಕೆಲವರು ಸಿಹಿ ಹಿಡಿದುಕೊಂಡೇ ಬಂದಿರುತ್ತಾರೆ. ಹಲವರು ತಲೆ ತಗ್ಗಿಸಿ, "ನಲವತ್ತು ಕಡೆ ಅರ್ಜಿ ಹಾಕಿದ್ದೇನೆ ಸರ್, ಒಂದು ಕಡೆಯಿಂದಲೂ ಫೋನ್ ಬಂದಿಲ್ಲ" ಎನ್ನುತ್ತಾರೆ. ಏನು ಕಳಿಸಿದ್ದೀರಿ ತೋರಿಸಿ ಎಂದರೆ ಮೊಬೈಲ್ ತೆಗೆದು ಒಂದು ಫೈಲ್ ತೋರಿಸುತ್ತಾರೆ. ನಲವತ್ತು ಕಡೆಗೂ ಹೋಗಿರುವುದು ಆ ಒಂದೇ ಫೈಲ್. ಅದು ಸೈಬರ್ ಸೆಂಟರಿನಲ್ಲಿ ಬೇರೆ ಯಾರದೋ ರೆಸ್ಯೂಮ್ ಮೇಲೆ ಹೆಸರು ಬದಲಿಸಿ ಮಾಡಿದ್ದು. ಒಬ್ಬ ಹುಡುಗನ ರೆಸ್ಯೂಮ್‌ನಲ್ಲಂತೂ ತಂದೆಯ ಹೆಸರಿನ ಜಾಗದಲ್ಲಿ ಹಿಂದಿನವನ ತಂದೆಯ ಹೆಸರೇ ಉಳಿದಿತ್ತು.

ಸಮುದಾಯದವರು ಕೊಟ್ಟ ಝಕಾತ್ ಮತ್ತು ದೇಣಿಗೆಯಿಂದ ಒಂದು ಮಗು ಐಟಿಐ, ಡಿಪ್ಲೊಮಾ, ಪದವಿ ಮುಗಿಸುತ್ತದೆ. ಮೂರು ವರ್ಷದ ಆ ಶ್ರಮ ಒಂದು ಹಾಳೆಯ ಮುಂದೆ ನಿಂತುಬಿಡಬಾರದು ಎಂಬ ಕಳಕಳಿಯಿಂದ ಈ ಲೇಖನ ಬರೆದಿದ್ದೇನೆ.

ಅರ್ಜಿ ಎಲ್ಲಿಗೆ ಹೋಗುತ್ತದೆ?

ಹಿಂದೆ ಅರ್ಜಿಯನ್ನು ಲಕೋಟೆಯಲ್ಲಿಟ್ಟು ಕಳಿಸಿದರೆ ಗುಮಾಸ್ತರೊಬ್ಬರು ಒಡೆದು ಓದುತ್ತಿದ್ದರು. ನಮ್ಮ ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದದ್ದು 1997ರಲ್ಲಿ. ನೌಕ್ರಿ ಡಾಟ್ ಕಾಮ್ ಎಂಬ ಉದ್ಯೋಗ ತಾಣ ಶುರುವಾದದ್ದೂ ಅದೇ ವರ್ಷ. ಅಲ್ಲಿಂದ ಇಲ್ಲಿಗೆ ನೇಮಕಾತಿಯ ರೀತಿಯೇ ಬದಲಾಗಿದೆ. ದೊಡ್ಡ ಕಂಪನಿಗಳಿಗೆ ಬರುವ ಅರ್ಜಿಗಳು ಮೊದಲು ಸೇರುವುದು ಒಂದು ಸಾಫ್ಟ್‌ವೇರ್‌ಗೆ. ಇದನ್ನು ಅಪ್ಲಿಕೆಂಟ್ ಟ್ರ್ಯಾಕಿಂಗ್ ಸಿಸ್ಟಮ್, ಚಿಕ್ಕದಾಗಿ ಎಟಿಎಸ್ ಎನ್ನುತ್ತಾರೆ.

ಈ ಸಾಫ್ಟ್‌ವೇರ್ ರೆಸ್ಯೂಮ್‌ನಲ್ಲಿರುವ ಅಕ್ಷರಗಳನ್ನು ಓದಿ ಹೆಸರು, ಫೋನ್, ವಿದ್ಯಾರ್ಹತೆ, ಅನುಭವ, ಕೌಶಲ ಎಂದು ಬೇರೆ ಬೇರೆ ಖಾನೆಗಳಿಗೆ ತುಂಬಿಕೊಳ್ಳುತ್ತದೆ. ಆಮೇಲೆ ನೇಮಕಾತಿ ಅಧಿಕಾರಿ ನಾವು ಗೂಗಲ್‌ನಲ್ಲಿ ಹುಡುಕುವಂತೆಯೇ ಪದಗಳನ್ನು ಹಾಕಿ ಹುಡುಕುತ್ತಾರೆ: "ಫಿಟ್ಟರ್", "ಹೈಡ್ರಾಲಿಕ್ಸ್", "ಕೊಪ್ಪಳ". ಈ ಪದಗಳು ಯಾರ ರೆಸ್ಯೂಮ್‌ನಲ್ಲಿವೆಯೋ ಅವರ ಹೆಸರು ಪಟ್ಟಿಯ ಮೇಲೆ ಬರುತ್ತದೆ. ಯಂತ್ರವೇ ಎಲ್ಲರನ್ನೂ ತಿರಸ್ಕರಿಸುತ್ತದೆ ಎಂದು ಹೇಳುವವರಿದ್ದಾರೆ. ಅದು ಪೂರ್ತಿ ನಿಜವಲ್ಲ. ಹೆಚ್ಚಾಗಿ ಆಗುವುದೇನೆಂದರೆ, ನಿಮ್ಮ ಅರ್ಜಿ ಒಳಗೇ ಇರುತ್ತದೆ, ಆದರೆ ಹುಡುಕಿದವರ ಕಣ್ಣಿಗೆ ಬೀಳುವುದಿಲ್ಲ. ಗ್ರಂಥಾಲಯದಲ್ಲಿ ಪುಸ್ತಕವಿದ್ದೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಹೇಗೋ ಹಾಗೆ.

ಕೀವರ್ಡ್ ಎಂದರೆ ಇಷ್ಟೇ: ಆ ಕೆಲಸ ಕೊಡುವವರು ತಮಗೆ ಬೇಕಾದ ಅರ್ಹತೆಯನ್ನು ಹೇಳಲು ಬಳಸಿದ ಪದ. ಅದನ್ನು ನಾವು ಊಹಿಸಬೇಕಾಗಿಲ್ಲ. ಜಾಹೀರಾತಿನಲ್ಲಿ ಅವರೇ ಬರೆದಿರುತ್ತಾರೆ. ಪರೀಕ್ಷೆಯಲ್ಲಿ ಪ್ರಶ್ನೆಯನ್ನು ಎರಡು ಸಲ ಓದಿ ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆ. ಇಲ್ಲಿಯೂ ಅದೇ ಪಾಠ.

ಗಂಗಾವತಿಯ ಒಂದು ಉದಾಹರಣೆ

ಗಂಗಾವತಿ ಭತ್ತದ ನಾಡು, ಅಕ್ಕಿ ಗಿರಣಿಗಳ ಊರು. ಗಿರಣಿಗಳಿಗೆ, ಅಕ್ಕಿ ವ್ಯಾಪಾರದ ಕಚೇರಿಗಳಿಗೆ ಲೆಕ್ಕ ಬರೆಯುವವರು ಬೇಕಾಗುತ್ತಾರೆ. ಅಂಥ ಒಂದು ಜಾಹೀರಾತು ಹೀಗಿದೆ ಎಂದಿಟ್ಟುಕೊಳ್ಳಿ: "ಅಕೌಂಟ್ಸ್ ಅಸಿಸ್ಟೆಂಟ್ ಬೇಕು. ಬಿಕಾಂ. ಟ್ಯಾಲಿ ಪ್ರೈಮ್, ಜಿಎಸ್‌ಟಿ ರಿಟರ್ನ್, ಇ-ವೇ ಬಿಲ್, ಬ್ಯಾಂಕ್ ರಿಕನ್ಸಿಲಿಯೇಷನ್, ಎಕ್ಸೆಲ್ ಗೊತ್ತಿರಬೇಕು."

ಬಿಕಾಂ ಮುಗಿಸಿದ ಹುಡುಗಿಯೊಬ್ಬಳ ರೆಸ್ಯೂಮ್‌ನಲ್ಲಿ ಇದ್ದದ್ದು ಎರಡೇ ಸಾಲು: "ಕಂಪ್ಯೂಟರ್ ಜ್ಞಾನವಿದೆ. ಕಷ್ಟಪಟ್ಟು ದುಡಿಯುತ್ತೇನೆ." ವಿಚಾರಿಸಿದಾಗ ತಿಳಿಯಿತು, ಆಕೆ ಆರು ತಿಂಗಳು ಟ್ಯಾಲಿ ಕಲಿತಿದ್ದಳು. ಒಬ್ಬ ತೆರಿಗೆ ಸಲಹೆಗಾರರ ಕಚೇರಿಯಲ್ಲಿ ಎಂಟು ತಿಂಗಳು ಜಿಎಸ್‌ಟಿಆರ್-1 ಮತ್ತು ಜಿಎಸ್‌ಟಿಆರ್-3ಬಿ ರಿಟರ್ನ್‌ಗಳಿಗೆ ಬಿಲ್‌ಗಳನ್ನು ಜೋಡಿಸಿ ನಮೂದಿಸಿದ್ದಳು. ಇದನ್ನೇಕೆ ಬರೆಯಲಿಲ್ಲ ಎಂದರೆ, "ಅದು ಸಂಬಳದ ಕೆಲಸ ಅಲ್ಲವಲ್ಲ ಸರ್, ಕಲಿಯಲು ಹೋಗಿದ್ದೆ" ಎಂದಳು.

ನಾವು ಕುಳಿತು ತಿದ್ದಿದೆವು. "ಕಂಪ್ಯೂಟರ್ ಜ್ಞಾನ" ತೆಗೆದು ಹೀಗೆ ಬರೆದೆವು: "ಟ್ಯಾಲಿ ಪ್ರೈಮ್‌ನಲ್ಲಿ ಖರೀದಿ, ಮಾರಾಟ ಮತ್ತು ಬ್ಯಾಂಕ್ ನಮೂದು. ತೆರಿಗೆ ಸಲಹೆಗಾರರ ಕಚೇರಿಯಲ್ಲಿ ಎಂಟು ತಿಂಗಳ ತರಬೇತಿ: ಜಿಎಸ್‌ಟಿಆರ್-1, ಜಿಎಸ್‌ಟಿಆರ್-3ಬಿ ರಿಟರ್ನ್‌ಗಳ ಸಿದ್ಧತೆಯಲ್ಲಿ ಸಹಾಯ, ಇ-ವೇ ಬಿಲ್ ತಯಾರಿ. ಎಕ್ಸೆಲ್‌ನಲ್ಲಿ ಪಟ್ಟಿ ಮತ್ತು ಮೊತ್ತ." ಬ್ಯಾಂಕ್ ರಿಕನ್ಸಿಲಿಯೇಷನ್ ಆಕೆಗೆ ಬರುತ್ತಿರಲಿಲ್ಲ, ಅದನ್ನು ಬರೆಯಲಿಲ್ಲ. ಬದಲಿಗೆ ಎರಡು ವಾರ ಕಲಿಯಲು ಹೇಳಿದೆ. ಜಾಹೀರಾತು ನಮಗೆ ಬರುವುದನ್ನು ಬರೆಯಲು ಸಹಾಯ ಮಾಡುವಂತೆಯೇ, ಬಾರದ್ದು ಯಾವುದೆಂದೂ ತೋರಿಸಿಕೊಡುತ್ತದೆ.

ಇಲ್ಲೊಂದು ಮಾತು ಗಮನಿಸಿ. ನಾನು ಈ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದರೂ ಕಂಪನಿಗೆ ಕಳಿಸುವ ರೆಸ್ಯೂಮ್‌ನಲ್ಲಿ ಅವನ್ನು ಇಂಗ್ಲಿಷಿನಲ್ಲೇ, ಜಾಹೀರಾತಿನಲ್ಲಿ ಇದ್ದ ಕಾಗುಣಿತದಲ್ಲೇ ಬರೆಯಬೇಕು. ಜಿಎನ್‌ಎಂ, ಕೋಪಾ, ಜಿಎಸ್‌ಟಿ ಮುಂತಾದ ಸಂಕ್ಷಿಪ್ತ ರೂಪವಿದ್ದರೆ ಒಮ್ಮೆ ಪೂರ್ಣ ರೂಪವನ್ನೂ ಬರೆಯಿರಿ. ಹುಡುಕುವವರು ಯಾವುದನ್ನು ಹಾಕಿ ಹುಡುಕುತ್ತಾರೋ ನಮಗೆ ತಿಳಿಯದು.

ಐಟಿಐ ಮಕ್ಕಳಿಗೆ

ಗಿಣಿಗೇರಾ, ಬೇವಿನಹಳ್ಳಿ ಕಡೆಯ ಉಕ್ಕು ಮತ್ತು ಬೀಡು ಕಬ್ಬಿಣದ ಕಾರ್ಖಾನೆಗಳು, ಆಚೆಗೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾದ ಭಾನಾಪುರದ ಆಟಿಕೆ ಕ್ಲಸ್ಟರ್, ಯಲಬುರ್ಗಾ ಮತ್ತು ಕುಷ್ಟಗಿ ಬಯಲಿನಲ್ಲಿ ತಿರುಗುವ ಗಾಳಿಯಂತ್ರಗಳು. ಇವೆಲ್ಲಕ್ಕೂ ಐಟಿಐ ಕಲಿತವರು ಬೇಕು. ಆದರೆ ಒಂದೊಂದು ಕಡೆ ಕೇಳುವ ಪದ ಬೇರೆ. ಉಕ್ಕಿನ ಕಾರ್ಖಾನೆ ಫಿಟ್ಟರ್‌ನಿಂದ ಪ್ರಿವೆಂಟಿವ್ ಮೆಯಿಂಟೆನೆನ್ಸ್, ಬೇರಿಂಗ್ ಬದಲಾವಣೆ, ಹೈಡ್ರಾಲಿಕ್ಸ್ ಕೇಳುತ್ತದೆ. ಪ್ಲಾಸ್ಟಿಕ್ ಆಟಿಕೆ ಮಾಡುವವರು ಇಂಜೆಕ್ಷನ್ ಮೋಲ್ಡಿಂಗ್, ಗುಣಮಟ್ಟ ತಪಾಸಣೆ, ಅಸೆಂಬ್ಲಿ ಎನ್ನುತ್ತಾರೆ. ಗಾಳಿಯಂತ್ರದವರು ಎತ್ತರದಲ್ಲಿ ಕೆಲಸ ಮಾಡುವ ಸುರಕ್ಷತಾ ತರಬೇತಿಯ ಬಗ್ಗೆ ಕೇಳುತ್ತಾರೆ. ಅದೇ ಹುಡುಗ, ಅದೇ ಪ್ರಮಾಣಪತ್ರ. ಆದರೆ ಮೂವರಿಗೂ ಮೇಲಿನ ಐದಾರು ಸಾಲು ಬೇರೆ ಇರಬೇಕು.

ನಮ್ಮ ಮನೆಗಳಲ್ಲಿ ಅನುಭವವಿಲ್ಲ ಎನ್ನುವ ಮಕ್ಕಳಿಗೆ ನಿಜವಾಗಿ ಬಹಳ ಅನುಭವವಿರುತ್ತದೆ. ಅಪ್ಪನ ಗ್ಯಾರೇಜಿನಲ್ಲಿ, ಮಾವನ ವೆಲ್ಡಿಂಗ್ ಅಂಗಡಿಯಲ್ಲಿ ಹೈಸ್ಕೂಲಿನಿಂದಲೇ ಕೈ ಕಪ್ಪು ಮಾಡಿಕೊಂಡಿರುತ್ತಾರೆ. "ಮಾವನ ಅಂಗಡಿಯಲ್ಲಿ ಸಹಾಯ" ಎಂದು ಬರೆದರೆ ಯಾರೂ ಹುಡುಕುವುದಿಲ್ಲ. "ಎರಡು ವರ್ಷ ಫ್ಯಾಬ್ರಿಕೇಷನ್ ವರ್ಕ್‌ಶಾಪ್‌ನಲ್ಲಿ ಸಹಾಯಕ: ಆರ್ಕ್ ವೆಲ್ಡಿಂಗ್, ಗ್ಯಾಸ್ ಕಟಿಂಗ್, ಗೇಟ್ ಮತ್ತು ಗ್ರಿಲ್ ತಯಾರಿ" ಎಂದರೆ ಅದೇ ಕೆಲಸ ಕಾಣಿಸುತ್ತದೆ. ಮಸೀದಿ ಕಮಿಟಿಯ ಲೆಕ್ಕ ಬರೆದವರು, ಮನೆಯಲ್ಲಿ ಹೊಲಿಗೆ ಮಾಡಿ ಗಿರಾಕಿಗಳ ಅಳತೆ ಮತ್ತು ಬಾಕಿಯ ವಹಿ ಇಟ್ಟ ಹೆಣ್ಣುಮಕ್ಕಳು ಕೂಡ ಇದನ್ನು ಮರೆಯಬಾರದು.

ಫೈಲ್, ಹೆಸರು, ಊರು

ರೆಸ್ಯೂಮ್ ಯಂತ್ರಕ್ಕೆ ಓದಲು ಬರುತ್ತದೆಯೇ ಎಂದು ನೋಡಲು ಸುಲಭ ಪರೀಕ್ಷೆಯಿದೆ. ಪಿಡಿಎಫ್ ತೆರೆದು ಎಲ್ಲ ಬರಹವನ್ನೂ ಕಾಪಿ ಮಾಡಿ, ನಿಮಗೇ ಒಂದು ವಾಟ್ಸ್ಆಪ್ ಸಂದೇಶವಾಗಿ ಪೇಸ್ಟ್ ಮಾಡಿ. ಅಕ್ಷರಗಳು ಸರಿಯಾದ ಕ್ರಮದಲ್ಲಿ ಬಂದರೆ ಸರಿ. ಏನೂ ಬರದಿದ್ದರೆ ಅದು ಫೋಟೊ; ಮುದ್ರಿಸಿ, ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದ ರೆಸ್ಯೂಮ್‌ಗಳ ಗತಿ ಇದೇ. ಸಾಲುಗಳು ಅಡ್ಡಾದಿಡ್ಡಿಯಾದರೆ ಟೇಬಲ್, ಎರಡು ಕಾಲಂ, ಬಣ್ಣದ ಪಟ್ಟಿಗಳನ್ನು ತೆಗೆದುಹಾಕಿ. ಒಂದು ಪುಟ ಸಾಕು. ಖಾಸಗಿ ಕೆಲಸದ ರೆಸ್ಯೂಮ್‌ಗೆ ಧರ್ಮ, ಜಾತಿ, ಮದುವೆಯ ವಿವರ ಬೇಡ. ಮೇಲ್ಭಾಗದಲ್ಲಿ ನೀವು ಕೇಳುತ್ತಿರುವ ಹುದ್ದೆಯ ಹೆಸರನ್ನು ಜಾಹೀರಾತಿನಲ್ಲಿರುವಂತೆಯೇ ಬರೆಯಿರಿ.

ಹೆಸರಿನ ವಿಷಯ ನಮ್ಮವರಿಗೆ ದೊಡ್ಡ ತೊಡಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮೊಹಮ್ಮದ್, ಆಧಾರ್‌ನಲ್ಲಿ ಮಹಮ್ಮದ್, ಬ್ಯಾಂಕಿನಲ್ಲಿ ಎಂ.ಡಿ. ಎಂದಿರುತ್ತದೆ. ಒಬ್ಬಳೇ ಹುಡುಗಿ ಒಂದು ಕಡೆ ಬೇಗಂ, ಇನ್ನೊಂದು ಕಡೆ ಬಾನು. ದಾಖಲೆ ಪರಿಶೀಲನೆಯ ದಿನ ಇದು ಕಾಡುತ್ತದೆ. ರೆಸ್ಯೂಮ್‌ನಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರನ್ನೇ ಬರೆಯಿರಿ. ಉಳಿದ ದಾಖಲೆಗಳನ್ನು ಅದಕ್ಕೆ ಹೊಂದಿಸಿಕೊಳ್ಳುವ ಕೆಲಸವನ್ನು ಇಂದೇ ಶುರು ಮಾಡಿ.

ಊರಿಗೂ ಇದೇ ಮಾತು. ಗಂಗಾವತಿ, ಕುಷ್ಟಗಿ, ಯಲಬುರ್ಗಾ ಹೆಸರುಗಳನ್ನು ಇಂಗ್ಲಿಷಿನಲ್ಲಿ ಜನ ಎರಡು ಮೂರು ಬಗೆಯಲ್ಲಿ ಬರೆಯುತ್ತಾರೆ. ಹಳ್ಳಿ, ತಾಲ್ಲೂಕು ಬರೆದು ಜಿಲ್ಲೆ ಬಿಟ್ಟರೆ "ಕೊಪ್ಪಳ" ಎಂದು ಹುಡುಕುವವರಿಗೆ ನೀವು ಸಿಗುವುದಿಲ್ಲ. ಆದ್ದರಿಂದ ಕೊನೆಗೆ ಕೊಪ್ಪಳ ಜಿಲ್ಲೆ, ಕರ್ನಾಟಕ ಎಂದು ತಪ್ಪದೆ ಸೇರಿಸಿ.

ಸುಳ್ಳು ಬೇಡ

ಬೇಕಾದ ಪದಗಳನ್ನೆಲ್ಲ ತುಂಬಿಬಿಟ್ಟರೆ ಆಯಿತಲ್ಲ ಎಂದು ಕೆಲವರು ಕೇಳುತ್ತಾರೆ. ಜಾಹೀರಾತನ್ನೇ ಬಿಳಿ ಅಕ್ಷರದಲ್ಲಿ ಅಡಗಿಸಿ ಅಂಟಿಸುವವರೂ ಇದ್ದಾರೆ. ಸಾಫ್ಟ್‌ವೇರ್ ಒಳಗೆ ಬಣ್ಣ ಉಳಿಯುವುದಿಲ್ಲ. ಅಡಗಿಸಿದ್ದು ಅಲ್ಲಿ ಬಯಲಾಗುತ್ತದೆ. ಅದು ಹೋಗಲಿ, ಸಂದರ್ಶನದಲ್ಲಿ "ಹೈಡ್ರಾಲಿಕ್ ಪ್ರೆಸ್‌ನಲ್ಲಿ ಏನು ಮಾಡಿದ್ದೀರಿ?" ಎಂದು ಒಂದೇ ಪ್ರಶ್ನೆ ಬಂದರೆ ಸಾಕು. ರೆಸ್ಯೂಮ್ ಒಂದು ಸಾಕ್ಷ್ಯ. ಸಾಕ್ಷ್ಯದಲ್ಲಿ ಸುಳ್ಳು ಹೇಳುವುದು ನಮ್ಮ ದೀನ್‌ನಲ್ಲಿ ಎಷ್ಟು ಗಂಭೀರವೆಂದು ನಾನು ಹೇಳಬೇಕಾಗಿಲ್ಲ. ನಿಯಮ ಸರಳ: ಹತ್ತು ನಿಮಿಷ ಮಾತಾಡಲು ಬಾರದ ಪದವನ್ನು ಬರೆಯಬೇಡಿ. ಮಾಡಿದ ಕೆಲಸವನ್ನು ಸಂಕೋಚದಿಂದ ಬಿಡಲೂ ಬೇಡಿ.

ಸರ್ಕಾರಿ ಹುದ್ದೆಗೆ ಲೆಕ್ಕ ಬೇರೆ

ಕೆಪಿಎಸ್‌ಸಿ, ಕೆಇಎ ಮುಂತಾದ ನೇಮಕಾತಿಗಳಲ್ಲಿ ರೆಸ್ಯೂಮ್‌ನ ಜಾಣತನ ನಡೆಯುವುದಿಲ್ಲ. ಅಲ್ಲಿ ಕೀವರ್ಡ್ ಎಂದರೆ ಅಧಿಸೂಚನೆಯ ಷರತ್ತುಗಳು. ನಮ್ಮ ಜಿಲ್ಲೆಯವರು ಮೊದಲು ನೋಡಬೇಕಾದ ಪದ 371(ಜೆ). ಸಂವಿಧಾನದ ಈ ವಿಧಿಯಡಿ ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದಲ್ಲಿ ಎ ಮತ್ತು ಬಿ ಗುಂಪಿನ ಹುದ್ದೆಗಳಲ್ಲಿ ಶೇ. 75, ಸಿ ಗುಂಪಿನಲ್ಲಿ ಶೇ. 80, ಡಿ ಗುಂಪಿನಲ್ಲಿ ಶೇ. 85 ಮೀಸಲಾತಿ ಇದೆ. ಅಧಿಸೂಚನೆಯಲ್ಲಿ "ಉಳಿಕೆ ಮೂಲ ವೃಂದ" ಎಂದಿದೆಯೋ, ಸ್ಥಳೀಯ ವೃಂದ ಎಂದಿದೆಯೋ ನೋಡಿಕೊಂಡು ಅರ್ಜಿ ಹಾಕಿ. ಸಹಾಯಕ ಆಯುಕ್ತರ ಕಚೇರಿಯಿಂದ ಪಡೆಯಬೇಕಾದ ಅರ್ಹತಾ ಪ್ರಮಾಣಪತ್ರವನ್ನು ಅಧಿಸೂಚನೆ ಬಂದ ಮೇಲೆ ಓಡಾಡಿ ಪಡೆಯುವುದಕ್ಕಿಂತ ಈಗಲೇ ಮಾಡಿಸಿಟ್ಟುಕೊಳ್ಳಿ.

"ನಮ್ಮ ಹೆಸರು ನೋಡಿ ಬಿಟ್ಟರು"

ಈ ಮಾತನ್ನು ನಾನು ಹಲವು ಸಲ ಕೇಳಿದ್ದೇನೆ. ಅದು ಬರೀ ಅನುಮಾನ ಎಂದು ತಳ್ಳಿಹಾಕಲಾರೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ವೆಲ್ ಎಂಬ ವಿದ್ವಾಂಸರು ಅರ್ಹತೆ ಸಮನಾಗಿದ್ದು ಹೆಸರು ಮಾತ್ರ ಬೇರೆಯಿದ್ದ ಅರ್ಜಿಗಳನ್ನು ಖಾಸಗಿ ಕಂಪನಿಗಳಿಗೆ ಕಳಿಸಿ ನೋಡಿದ್ದರು. 2007ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ದಲಿತ ಮತ್ತು ಮುಸ್ಲಿಂ ಹೆಸರಿನವರಿಗೆ ಬಂದ ಕರೆಗಳು ಕಡಿಮೆಯೇ ಇದ್ದವು. ಹಾಗಾಗಿ ಅನ್ಯಾಯ ಇಲ್ಲವೇ ಇಲ್ಲ ಎಂದು ಮಕ್ಕಳಿಗೆ ಹೇಳುವುದು ಪ್ರಾಮಾಣಿಕತೆಯಲ್ಲ.

ಆದರೆ ನನ್ನ ಮುಂದೆ ಬಂದ ಅನೇಕ ರೆಸ್ಯೂಮ್‌ಗಳಲ್ಲಿ ಹೆಸರಿನವರೆಗೆ ಹೋಗುವ ಪ್ರಶ್ನೆಯೇ ಇರಲಿಲ್ಲ. ಕೇಳಿದ ಪದ ಅದರಲ್ಲಿರಲಿಲ್ಲ. ಯಾವುದು ಅನ್ಯಾಯ, ಯಾವುದು ನಮ್ಮ ಕೊರತೆ ಎಂದು ಬೇರ್ಪಡಿಸಬೇಕಾದರೆ ಮೊದಲು ನಮ್ಮ ಕಡೆಯ ಕೆಲಸ ಪೂರ್ತಿಯಾಗಿರಬೇಕು. ಬಾಗಿಲು ಕಿರಿದಾಗಿದ್ದವನು ಹೆಚ್ಚು ಸಿದ್ಧನಾಗಿ ಹೋಗಬೇಕಾಗುತ್ತದೆ. ಇದು ಸರಿಯಾದ ವ್ಯವಸ್ಥೆ ಎಂದಲ್ಲ. ಇಂದಿನ ಪರಿಸ್ಥಿತಿ ಇದು.

ಕೊನೆಯದಾಗಿ

ನಿಮ್ಮ ಓದು, ತರಬೇತಿ, ಮಾಡಿದ ಕೆಲಸ ಎಲ್ಲವನ್ನೂ ತಿಂಗಳು, ವರ್ಷಗಳೊಂದಿಗೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಜಾಹೀರಾತು ಸಿಕ್ಕಾಗ ಅದನ್ನು ಮುದ್ರಿಸಿ ಅಥವಾ ಬರೆದುಕೊಂಡು ಮುಖ್ಯ ಪದಗಳಿಗೆ ಗೆರೆ ಎಳೆಯಿರಿ. ಗೆರೆ ಎಳೆದ ಪ್ರತಿ ಪದಕ್ಕೂ ನೋಟ್‌ಬುಕ್ಕಿನಲ್ಲಿ ನಿಜವಾದ ಉತ್ತರವಿದೆಯೇ ನೋಡಿ. ಇದ್ದದ್ದನ್ನು ಮೇಲೆ ತನ್ನಿ, ಸಂಬಂಧವಿಲ್ಲದ್ದನ್ನು ಕೆಳಗಿಡಿ. ಅರ್ಧ ಗಂಟೆಯ ಕೆಲಸ. ನಲವತ್ತು ಕಡೆ ಒಂದೇ ಫೈಲ್ ಕಳಿಸುವುದಕ್ಕಿಂತ ಹೀಗೆ ಎಂಟು ಕಡೆ ಕಳಿಸುವುದು ಮೇಲು. ಎಲ್ಲಿಗೆ, ಯಾವ ದಿನ, ಯಾವ ರೆಸ್ಯೂಮ್ ಕಳಿಸಿದಿರಿ ಎಂದು ಬರೆದಿಡಿ. ಕೆಲಸ ಕೊಡಿಸಲು ನೋಂದಣಿ ಶುಲ್ಕ ಕೇಳುವವರಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ.

ಈ ವರದಿಯ ಜೊತೆ ಹೊಸ ವರ್ಷದ ವಿದ್ಯಾರ್ಥಿವೇತನದ ಪ್ರಕಟಣೆಯೂ ಇದೆ. ಅದನ್ನೂ ಇದೇ ರೀತಿ ಓದಿ: ಏನು ಕೇಳಿದ್ದಾರೆ, ನಮ್ಮಲ್ಲಿ ಏನಿದೆ, ಯಾವ ದಾಖಲೆ ಬೇಕು. ನಿಮ್ಮ ಮೊದಲ ಅಭ್ಯಾಸ ಅಲ್ಲಿಂದಲೇ ಆಗಲಿ. ಮುಂದೊಂದು ದಿನ ನೀವು ಸಂಬಳದಿಂದ ಝಕಾತ್ ತೆಗೆದು ಇದೇ ಟ್ರಸ್ಟಿನ ಮೂಲಕ ಇನ್ನೊಂದು ಮಗುವನ್ನು ಓದಿಸುವಂತಾಗಲಿ. ನಿಮ್ಮ ದುಡಿಮೆಯಲ್ಲಿ ಅಲ್ಲಾಹನು ಬರಕತ್ ನೀಡಲಿ. ಆಮೀನ್.